ದೇವರ ಮೇಲಿನ ಹೂ ಬಿದ್ದರೆ ಅದು ಉತ್ತರವೇ? ತಿಳಿಯೋದು ಹೇಗೆ?

ತುಂಗಾತೀರ:
ಕೇಳಿಕೊಂಡ ಹೊತ್ತಿಗೆ ದೇವರ ಮೇಲಿನ ಹೂ ಬಿದ್ದರೆ ನಮ್ಮ ಕಡೆ "ಬಲಗಡೆ ಹೂ ಕೊಟ್ಟ" ಅಂತಾರೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ "ಕೃಷ್ಣ ಕೃಷ್ಣ" ಅಂತ ಬೆರಳಲ್ಲಿ ನೆಲ ತಟ್ಟಿ, ಆಡಿದ ಮಾತು ಸತ್ಯ ಅಂತಾರೆ. ಮನೆಯಲ್ಲಿ ಈಗ ತಂಗಿಯ ಸಂಬಂಧದ ಮಾತುಕತೆ ನಡೀತಿದೆ, ಹಾಗಾಗಿ ಕೇಳ್ತಿದ್ದೇನೆ. ಬಲ ಅಂದರೆ ಯಾರ ಬಲ? ತಾನಾಗಿ ಬಿದ್ದ ಹೂವನ್ನು ಒಪ್ಪಿಗೆ ಅಂತ ತಗೋಬಹುದಾ? ದಿನದ ಗಡಿಬಿಡಿಯಲ್ಲಿ ಉತ್ತರ ಬಂದು ಹೋದರೆ ಗುರುತಿಸೋದು ಹೇಗೆ? ಬಲ್ಲವರು ತಿಳಿಸಿ.

ಘಟ್ಟದ ಕೆಳಗಿನವ:
ದೇವರ ಬಲ. ಎದುರು ನಿಂತ ನಮಗೆ ಅದು ಎಡಗೈ ಕಡೆ. ಅರ್ಧ ಗೊಂದಲ ಇಲ್ಲೇ ಆಗೋದು.

ದೇವಸ್ಥಾನದಲ್ಲಿ ಪ್ರಸಾದ ಕೇಳೋದಕ್ಕೆ ಒಂದು ಕ್ರಮ ಇದೆ. ಮೊದಲು ಪ್ರಾರ್ಥನೆ: ಯಾರ ಪರವಾಗಿ, ಯಾವ ವಿಷಯಕ್ಕೆ ಅಂತ ಅರ್ಚಕರು ದೇವರ ಮುಂದೆ ಗಟ್ಟಿಯಾಗಿ ಹೇಳ್ತಾರೆ. ಆಮೇಲೆ ಮೂರ್ತಿಯ ಎರಡೂ ಬದಿಗೆ ಸಮನಾಗಿ, ಒಂದೇ ಜಾತಿಯ ಹೂವನ್ನೋ ಎಸಳನ್ನೋ ನೀರಲ್ಲಿ ಅದ್ದಿ ಅಂಟಿಸ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಎರಡೂ ಬೀಳದಿದ್ದರೆ ಇನ್ನೂ ಕಾಲ ಕೂಡಿಲ್ಲ ಅಂತ ವಾಪಸ್ ಬರೋದು. ಗೋವಾ ಕಡೆ, ಕೊಂಕಣಿಗರ ದೇವಸ್ಥಾನಗಳಲ್ಲಿ ಇದಕ್ಕೆ ಕೌಲ್ ಅಂತಾರೆ. ಹೊನ್ನಾವರದ ಹತ್ತಿರ ಇಡಗುಂಜಿ ಗಣಪತಿಯಲ್ಲಿ ಮದುವೆ ಸಂಬಂಧಕ್ಕೆ ಪಾದದಲ್ಲಿ ಚೀಟಿ ಇಟ್ಟು ಪ್ರಸಾದ ಕೇಳುವ ವಾಡಿಕೆ ಇದೆ.

ಪ್ರಶ್ನೆ ಕೂಡ ಒಂದೇ ಇರಬೇಕು. "ಈ ಸಂಬಂಧ ಮುಂದುವರಿಸಬಹುದಾ" ಅಂತ ಕೇಳಿ. "ಒಳ್ಳೇದಾಗುತ್ತಾ, ಬೇಗ ಆಗುತ್ತಾ, ಹುಡುಗನಿಗೆ ಬಡ್ತಿ ಸಿಗುತ್ತಾ" ಅಂತ ಮೂರನ್ನು ಸೇರಿಸಿದರೆ ಬಿದ್ದ ಹೂ ಯಾವುದಕ್ಕೆ ಅಂತ ಯಾರಿಗೂ ಗೊತ್ತಾಗಲ್ಲ. ಎಡಕ್ಕೆ ಬಿತ್ತು ಅಂತ ಅದನ್ನೇ ಮತ್ತೆ ಕೇಳೋದು, ಇನ್ನೊಂದು ದೇವಸ್ಥಾನಕ್ಕೆ ಓಡೋದು ಸಲ್ಲದು. ಬಲಕ್ಕೆ ಬೀಳೋವರೆಗೂ ಕೇಳ್ತೀವಿ ಅನ್ನೋರಿಗೆ ಉತ್ತರ ಬೇಕಿಲ್ಲ, ಸಹಿ ಬೇಕಾಗಿರೋದು.

ಹೂಬುಟ್ಟಿ:
ಮನೆಯ ಹೂವಿನ ವಿಷಯಕ್ಕೆ ಬರ್ತೀನಿ. ಅಭಿಷೇಕ ಆದ ಮೇಲೆ ವಿಗ್ರಹ ಸರಿಯಾಗಿ ಒರೆಸದಿದ್ದರೆ ಹೂ ನೀರಿನ ಪಸೆಯಲ್ಲಿ ನಿಂತಿರುತ್ತೆ, ಪಸೆ ಆರಿದ ಕೂಡಲೇ ಜಾರುತ್ತೆ. ದೀಪ ಒಂದೇ ಬದಿಗಿದ್ದರೆ ಆ ಬದಿ ಮೊದಲು ಆರುತ್ತೆ, ಹಿತ್ತಾಳೆ, ಪಂಚಲೋಹದ್ದಾದರೆ ಇನ್ನೂ ಬೇಗ. ಗಂಧ ತೆಳ್ಳಗೆ ತೇಯ್ದಿದ್ದರೂ ಅಷ್ಟೇ, ಒಣಗಿ ಪುಡಿಯಾಗಿ ಹೂ ಬಿಡುತ್ತೆ. ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಹೂ. ಎಸಳು ಸುರುಳಿ ಸುತ್ತಿಕೊಳ್ತಾ ತೊಟ್ಟು ತಿರುಗುತ್ತೆ, ಮುಡಿಸಿದ ಜಾಗದಲ್ಲಿ ನಿಲ್ಲೋದೇ ಇಲ್ಲ. ಫ್ಯಾನ್ ಗಾಳಿ ಬೇರೆ.

ಹಲ್ಲಿ ಸದ್ದು ಮಾಡೋದು ತನ್ನ ಜಾಗ ಸಾರೋಕೆ, ಜೋಡಿ ಕರೆಯೋಕೆ. ದೀಪ ಹಚ್ಚಿದ ಮೇಲೆ ಹುಳ ಬರುತ್ತೆ, ಹುಳಕ್ಕೆ ಹಲ್ಲಿ ಬರುತ್ತೆ. ಮನೆಮಂದಿ ಕೂತು ಮಾತಾಡೋದೂ ಅದೇ ಹೊತ್ತಲ್ಲಿ.

ತುಂಗಾತೀರ:
ಹಾಗಾದರೆ ಸಂಜೆ ಬಿದ್ದ ದಾಸವಾಳ ಲೆಕ್ಕಕ್ಕಿಲ್ಲವಾ?

ಹೂಬುಟ್ಟಿ:
ಅದೂ ಪ್ರಸಾದವೇ. ಕಣ್ಣಿಗೊತ್ತಿಕೊಂಡು ತಂಗಿಗೆ ಮುಡಿಸಿ, ಸಮಾಧಾನ ಆದರೆ ದೇವರ ದಯೆ ಅನ್ನಿ. ಆದರೆ ಕೇಳದೇ ಬಿದ್ದ ಹೂ ನೋಡಿ ಹುಡುಗನ ಮನೆಗೆ ಫೋನ್ ಮಾಡಬೇಡಿ.

ಕುಡ್ಲದ ಜಪಮಾಲೆ:
ಮೂರನೇ ಪ್ರಶ್ನೆಗೆ ನಮ್ಮ ಕಡೆಯ ರೂಢಿ ಹೇಳ್ತೇನೆ. ಯೇಸುಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘ, ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿಕೊಟ್ಟ ಆತ್ಮಶೋಧನೆ ಇದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ತೆರೆದದ್ದು ಇದೇ ಸಭೆಯವರು. ರಾತ್ರಿ ಹತ್ತು ಹದಿನೈದು ನಿಮಿಷ ಸಾಕು. ಮೊದಲು ದಿನಕ್ಕೆ ಕೃತಜ್ಞತೆ, ಆಮೇಲೆ ನೋಡುವ ಬೆಳಕು ಬೇಡುವುದು, ಆಮೇಲೆ ಎದ್ದ ಗಳಿಗೆಯಿಂದ ತಾಸು ತಾಸಾಗಿ ದಿನವನ್ನು ತಿರುವಿ ಹಾಕುವುದು, ತಪ್ಪಿದ್ದಕ್ಕೆ ಕ್ಷಮೆ, ಕೊನೆಗೆ ನಾಳೆಗೊಂದು ನಿರ್ಧಾರ.

ತಿರುವಿ ಹಾಕುವಾಗಲೇ ಉತ್ತರ ಕೈಗೆ ಸಿಗುವುದು. ಹುಡುಗಿ ನೋಡಲು ಬಂದ ದಿನ ಕಾಫಿ ಲೋಟ ಅವನ ಅಂಗಿ ಮೇಲೆ ಚೆಲ್ಲಿತು ಅನ್ನಿ. ಅವನು ಮೊದಲು ಅಂಗಿ ನೋಡಿಕೊಂಡನಾ, ಲೋಟ ಹಿಡಿದಿದ್ದವಳ ಕೈ ಸುಟ್ಟಿತಾ ಅಂತ ನೋಡಿದನಾ? "ಒಳ್ಳೆಯವನನ್ನು ತೋರಿಸು" ಅಂತ ವಾರವಿಡೀ ಬೇಡಿದವರು ಆ ಗಳಿಗೆಯಲ್ಲಿ ಬಟ್ಟೆ ಹುಡುಕುತ್ತಾ ಒಳಗೆ ಓಡಿರುತ್ತಾರೆ. ತಂಗಿ ನೋಡಿರುತ್ತಾಳೆ, ಅವಳನ್ನು ಕೇಳಿ.

ಇಗ್ನೇಷಿಯಸರದೇ ಇನ್ನೊಂದು ನಿಯಮ: ಮನಸ್ಸು ಕುಗ್ಗಿ ಕತ್ತಲು ಕವಿದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬಾರದು. ಸಮಾಧಾನ ಮರಳುವವರೆಗೆ ಕಾಯಿರಿ. ಕೇಳಿದ್ದನ್ನು ತಾರೀಖು ಹಾಕಿ ಒಂದು ಸಾಲಿನಲ್ಲಿ ಬರೆದಿಡಿ, ಕೆಳಗೆ ಜಾಗ ಬಿಡಿ. ಬರೆಯದಿದ್ದರೆ ಆದದ್ದನ್ನೇ ಕೇಳಿದ್ದೆ ಅಂತ ಮನಸ್ಸು ನಂಬಿಸುತ್ತದೆ. ಇಲ್ಲ ಅಂತ ಬಂದದ್ದನ್ನೂ ಬರೆಯಿರಿ.

ಘಟ್ಟದ ಕೆಳಗಿನವ:
ಬರೆದಿಡುವ ಮಾತು ಚೆನ್ನಾಗಿದೆ. ಮುಡಿಪು ಕಟ್ಟುವವರೂ ಇದನ್ನು ಮಾಡಬಹುದು. ಅಂಗೈಯಗಲ ಬಿಳಿ ಬಟ್ಟೆಯನ್ನು ಅರಿಶಿನ ನೀರಲ್ಲಿ ಅದ್ದಿ ಒಣಗಿಸಿ, ಒಂದು ನಾಣ್ಯ, ಚಿಟಿಕೆ ಅಕ್ಷತೆ, ಅರಿಶಿನದ ಕೊಂಬು ಇಟ್ಟು ಕಟ್ಟುತ್ತಾರಲ್ಲ, ಅದರೊಳಗೆ ಕೇಳಿಕೊಂಡ ಮಾತು, ತಾರೀಖು, ಯಾವ ದೇವಸ್ಥಾನಕ್ಕೆ ಅಂತ ಒಂದು ಚೀಟಿ ಹಾಕಿ. ಕೆಲಸ ಆಗಿ ಎಷ್ಟೋ ಕಾಲದ ಮೇಲೆ ದೇವರ ಕೋಣೆ ಗುಡಿಸುವಾಗ ಗಂಟು ಸಿಗುತ್ತೆ, ಯಾಕೆ ಕಟ್ಟಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿರಲ್ಲ. ಚೀಟಿ ಇದ್ದರೆ ಅಲ್ಲೇ ಗೊತ್ತಾಗುತ್ತೆ, ಹರಕೆ ಹುಂಡಿಗೆ ಸೇರುತ್ತೆ. ಬಟ್ಟೆ ಪೂರ್ತಿ ಒಣಗಿರಲಿ. ತೇವ ಉಳಿದರೆ ಅಕ್ಷತೆಗೆ ಬೂಷ್ಟು ಹಿಡಿಯುತ್ತೆ, ಚೀಟಿಯ ಶಾಯಿ ಕದಡಿ ಓದೋಕೆ ಬರಲ್ಲ.