ಬೋರ್‌ವೆಲ್ ಪಾಯಿಂಟ್‌ಗೆ ತೆಂಗಿನಕಾಯಿ: ನಂಬಬೇಕಾ, ಪರೀಕ್ಷೆ ಮಾಡಬೇಕಾ?

ಶಿರಾ ಕಡೆಯವ: ಹೊಲದಲ್ಲಿ ಬೋರ್ ಕೊರೆಸಬೇಕು. ಅಪ್ಪ ನೀರು ನೋಡುವವರನ್ನು ಕರೆಸಿದ್ದರು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಸುತ್ತಿದರು. ಬದುವಿನ ಹತ್ತಿರ ಬಂದಾಗ ಕಾಯಿ ಎದ್ದು ನಿಂತಿತು. ಅಲ್ಲಿ ಒಂದು ಕಲ್ಲಿಟ್ಟು ಹೋದರು. ಅಪ್ಪನಿಗೆ ಪೂರ್ತಿ ನಂಬಿಕೆ, ನನಗಿಲ್ಲ. ಸಾಲ ಮಾಡಿ ಕೊರೆಸುತ್ತಿದ್ದೇವೆ, ಅದಕ್ಕೇ ಕೇಳುತ್ತಿದ್ದೇನೆ. ನೀವೇನಂತೀರಿ?

ಅಡಿಕೆ ತೋಟ: ನಮ್ಮ ಎರಡೂ ಬೋರ್‌ಗೆ ಕಾಯಿಯಲ್ಲೇ ನೋಡಿಸಿದ್ದು. ಎರಡರಲ್ಲೂ ನೀರಿದೆ. ಕಣ್ಣಿಗೆ ಕಾಣಲ್ಲ ಅಂದ ಮಾತ್ರಕ್ಕೆ ಸುಳ್ಳು ಅನ್ನಬೇಡಿ. ವಿಜ್ಞಾನಕ್ಕೆ ಇವತ್ತು ಗೊತ್ತಿಲ್ಲದ್ದು ನಾಳೆ ಗೊತ್ತಾಗಬಹುದು, ಅಲ್ವಾ? ಹಿರಿಯರು ಸುಮ್ನೆ ಮಾಡಿಕೊಂಡು ಬಂದಿಲ್ಲ.

ಕೋಲಾರದ ಹುಡುಗ: ಕಾಣದ್ದನ್ನು ವಿಜ್ಞಾನ ನಂಬೋದೇ ಇಲ್ಲ ಅನ್ನೋದು ಸರಿಯಲ್ಲ ಅಣ್ಣ. ನಮ್ಮೂರ ಕಥೆಯನ್ನೇ ಕೇಳಿ. ನ್ಯೂಟ್ರಿನೊ ಅನ್ನೋ ಕಣ ಇರಬೇಕು ಅಂತ ಪೌಲಿ ಅನ್ನೋ ಭೌತವಿಜ್ಞಾನಿ ಹೇಳಿದ್ದು 1930ರಲ್ಲಿ. ಅದು ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ, ಹಿಡಿಯೋದು ಬಹಳ ಕಷ್ಟ. ಇಪ್ಪತ್ತಾರು ವರ್ಷ ಕಾದ ಮೇಲೆ 1956ರಲ್ಲಿ ಅಮೆರಿಕದಲ್ಲಿ ರಿಯಾಕ್ಟರ್ ಪಕ್ಕ ಸಿಕ್ಕಿತು. 1965ರಲ್ಲಿ ಕೆಜಿಎಫ್ ಗಣಿಯೊಳಗೆ, 2 ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಮುಂಬೈಯ ಟಿಐಎಫ್‌ಆರ್ ಅನ್ನೋ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಮಾಡಿದ ಕೆಲಸ ಅದು. ಅಷ್ಟು ಆಳಕ್ಕೆ ಯಾಕೆ ಇಳಿದರು ಗೊತ್ತಾ? ಮೇಲಿಂದ ಬರುವ ಬೇರೆ ಕಣಗಳನ್ನು ಬಂಡೆ ತಡೆಯಲಿ ಅಂತ. ಅಲ್ಲಿ ಅಡ್ಡಡ್ಡ ಬಂದ ಕಣ ಕಂಡರೆ, ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊನೇ ಇರಬೇಕು. ನಾವು ಏಮಾರೋದಕ್ಕೆ ಏನೇನು ದಾರಿ ಇದೆಯೋ ಎಲ್ಲ ಮೊದಲೇ ಮುಚ್ಚಿ, ಆಮೇಲೆ ನೋಡಿದರು. ನನ್ನ ಪ್ರಕಾರ ತೆರೆದ ಮನಸ್ಸು ಅಂದರೆ ಇದೇ.

ಅಡಿಕೆ ತೋಟ: ಹಾಗಾದರೆ ಕಾಯಿಯನ್ನೂ ಹಾಗೇ ನೋಡಲಿ. ನೋಡದೇ ಬೈಯೋದು ಯಾಕೆ?

ಭೂಗರ್ಭಶಾಸ್ತ್ರ ಓದಿದವಳು: ನೋಡಿದ್ದಾರೆ ಸರ್, ಅದೂ ತುಂಬಾ ಮರ್ಯಾದೆಯಿಂದ. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ, ಸರ್ಕಾರದ ದುಡ್ಡಿನಲ್ಲಿ. ಕಡ್ಡಿ ಹಿಡಿದು ನೀರು ನೋಡುವ ಸುಮಾರು 500 ಜನರನ್ನು ಕರೆದು, ಅವರಲ್ಲಿ ಚೆನ್ನಾಗಿ ಹೇಳುವ 43 ಜನರನ್ನು ಆರಿಸಿದರು. ಒಂದು ಕಣಜದ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಗಾಡಿ ಮೇಲಿಟ್ಟು ಜಾಗ ಬದಲಾಯಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಿಂತವರು ಪೈಪ್ ಎಲ್ಲಿದೆ ಅಂತ ಹೇಳಬೇಕು. ಒಟ್ಟು 843 ಸಲ. ಕೆಲವರಿಗೆ ನಿಜಕ್ಕೂ ಶಕ್ತಿ ಇದೆ ಅಂತ ಪರೀಕ್ಷೆ ಮಾಡಿದವರು ಬರೆದರು. 1999ರಲ್ಲಿ ಜಿಮ್ ಎನ್‌ರೈಟ್ ಅನ್ನುವ ವಿಜ್ಞಾನಿ ಅವೇ ಅಂಕಿಗಳನ್ನು ಮತ್ತೆ ನೋಡಿದರು. ಒಮ್ಮೆ ಚೆನ್ನಾಗಿ ಹೇಳಿದವರಿಗೆ ಇನ್ನೊಮ್ಮೆ ಹಾಗೆ ಹೇಳಲು ಆಗಿರಲಿಲ್ಲ. ಕಣ್ಣುಮುಚ್ಚಿ ಊಹಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಹಾಗಂತ ನೀರು ನೋಡುವವರು ಮೋಸ ಮಾಡುತ್ತಾರೆ ಅಂತ ನಾನು ಹೇಳಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ ದಾರಕ್ಕೆ ಕಟ್ಟಿದ ಗುಂಡಿನ ಮೇಲೆ ತಾವು ಮಾಡಿದ ಪ್ರಯೋಗದ ಬಗ್ಗೆ 1833ರಲ್ಲೇ ಬರೆದಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಗುಂಡು ತೂಗೋದು ನಿಂತಿತು. ಕೈ ನಮಗೇ ಗೊತ್ತಾಗದಂತೆ ಅಲುಗುತ್ತದೆ. ಅಂಗೈ ಮೇಲಿನ ಕಾಯಿ ಹೇಗೂ ಆಯ ತಪ್ಪುವ ಹಾಗೇ ಇರುತ್ತದೆ. ಬೆರಳು ಒಂಚೂರು ಬಾಗಿದರೆ ಸಾಕು, ಎದ್ದುಬಿಡುತ್ತದೆ. ಹಿಡಿದವರಿಗೆ ಅದು ತಾನೇ ಎದ್ದ ಹಾಗೇ ಅನ್ನಿಸುತ್ತದೆ.

ಅಡಿಕೆ ತೋಟ: ಮತ್ತೆ ನಮಗೆ ನೀರು ಬಿದ್ದದ್ದು? ಮೆಷಿನ್ ತಂದು ನೋಡಿಸಿದ ನಮ್ಮ ಪಕ್ಕದ ತೋಟದಲ್ಲಿ ಬರೀ ಧೂಳು ಬಂತು!

ಭೂಗರ್ಭಶಾಸ್ತ್ರ ಓದಿದವಳು: ಒಳ್ಳೆ ಪ್ರಶ್ನೆ. ಮೆಷಿನ್ ಅಂದರೆ ನೆಲಕ್ಕೆ ಕಡ್ಡಿ ನೆಟ್ಟು ಕರೆಂಟ್ ಬಿಟ್ಟು, ಒಳಗಿನ ಬಂಡೆ ಎಷ್ಟು ತಡೆಯುತ್ತದೆ ಅಂತ ಅಳೆಯೋದು. ನೀರು ತುಂಬಿದ ಬಿರುಕಿದ್ದರೆ ತಡೆ ಕಡಿಮೆ. ನಮ್ಮ ಬಯಲುಸೀಮೆ ಬಹುಪಾಲು ಗಟ್ಟಿ ಕಲ್ಲು, ಆಳದಲ್ಲಿ ನೀರಿರೋದು ಹೆಚ್ಚಾಗಿ ಬಿರುಕಿನಲ್ಲಿ. ಆಳದ ಸಣ್ಣ ಬಿರುಕು ಮೆಷಿನ್‌ಗೂ ತಪ್ಪಿಹೋಗುತ್ತದೆ. ಅದನ್ನು ಮುಚ್ಚಿಡಬಾರದು. ಆದರೆ ಮೆಷಿನ್ ಸೋತಿತು ಅಂದರೆ ಕಾಯಿ ಗೆದ್ದಿತು ಅಂತಲ್ಲ. ನಿಮ್ಮ ತೋಟ ತಗ್ಗಿನಲ್ಲಿದ್ದರೆ, ಹತ್ತಿರ ಕೆರೆ ಇದ್ದರೆ, ಕಾಯಿ ಹಿಡಿಯದೇ ಕೊರೆದಿದ್ದರೂ ನೀರು ಬೀಳುತ್ತಿತ್ತೇನೋ.

ಹಳ್ಳಿ ಮೇಷ್ಟ್ರು: ಹಿರಿಯರ ತಿಳಿವಳಿಕೆಯನ್ನೂ ಕಾಯಿಯನ್ನೂ ಒಂದೇ ಮಾಡಬೇಡಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ್ದೇ ಒಂದು ಅಧ್ಯಾಯ ಇದೆ. ಯಾವ ಮರದ ಪಕ್ಕ ಹುತ್ತ ಇದ್ದರೆ ಎಷ್ಟು ಆಳದಲ್ಲಿ ನೀರು ಅಂತ ಹೇಳುತ್ತದೆ. ಎಲ್ಲವೂ ನಿಜ ಅನ್ನಲ್ಲ. ಆದರೆ ಮರ, ಹುತ್ತ ನಾವೂ ನೋಡಬಹುದು, ಅಗೆದು ತಾಳೆ ಹಾಕಬಹುದು. ಹೊಲ ಓದುವ ಆ ಕಣ್ಣು ನೀರು ನೋಡುವವರಲ್ಲಿ ಹಲವರಿಗಿದೆ. ಹೊಗಳಿಕೆ ಮಾತ್ರ ಕಾಯಿಗೆ ಹೋಗುತ್ತಿದೆ.

ಶಿರಾ ಕಡೆಯವ: ಅಪ್ಪನಿಗೆ ನೋವಾಗದಂತೆ ಪರೀಕ್ಷೆ ಮಾಡೋದು ಹೇಗೆ?

ಕೋಲಾರದ ಹುಡುಗ: ಆ ಕಲ್ಲು ತೆಗೆದುಬಿಡಿ, ಜಾಗ ನಿಮಗೆ ಮಾತ್ರ ಗೊತ್ತಿರಲಿ. ಅವರನ್ನೇ ಮತ್ತೆ ಕರೆಸಿ. ಕಣ್ಣಿಗೆ ಬಟ್ಟೆ ಕಟ್ಟಿ, ಅವರು ಒಪ್ಪಿದರೆ ಮಾತ್ರ. ಕೈ ಹಿಡಿದು ನಡೆಸುವವರಿಗೂ ಜಾಗ ಗೊತ್ತಿರಬಾರದು. ಬೇರೆ ಬೇರೆ ಕಡೆಯಿಂದ ಕೆಲವು ಸಲ ನಡೆಸಿ. ಅಲ್ಲೇ ಕಾಯಿ ಎದ್ದರೆ ನಾನೂ ಬಂದು ನೋಡುತ್ತೇನೆ, ಖಂಡಿತ.

ಅಡಿಕೆ ತೋಟ: ಇದು ನ್ಯಾಯ. ಆದರೆ ಮೆಷಿನ್‌ನವರಿಗೂ ಅದೇ ನಿಯಮ ಇರಲಿ. ಎಷ್ಟು ಅಡಿಗೆ, ಎಷ್ಟು ಇಂಚು ನೀರು ಅಂತ ರಿಗ್ ಲಾರಿ ಬರುವ ಮೊದಲೇ ಇಬ್ಬರ ಹತ್ತಿರವೂ ಬರೆಸಿಕೊಳ್ಳಿ.