ಅಪ್‌ಡೇಟ್: ಅಪ್ಪಯ್ಯನ ಬೈಪಾಸ್ ಆಯ್ತು

ಮೂರು ತಿಂಗಳ ಹಿಂದೆ ಕೇಳಿದ್ದೆ: ಶಿರಸಿಯಲ್ಲಿರುವ ಅಪ್ಪಯ್ಯನಿಗೆ 79, ಮೈಯಲ್ಲಿ ಕಸುವಿಲ್ಲ, ಹೃದಯದ ಮೂರು ರಕ್ತನಾಳ ಬ್ಲಾಕ್. ಹೃದಯ ನಿಲ್ಲಿಸಿ, ಅದರ ಕೆಲಸ ಮಾಡುವ ಯಂತ್ರದ ಮೇಲೆ ಬೈಪಾಸ್ ಮಾಡಿಸುವುದೋ, ಬಡಿಯುತ್ತಿರುವಾಗಲೇ ಮಾಡಿಸುವುದೋ ಎಂದು. ಉತ್ತರಿಸಿದ ಎಲ್ಲರಿಗೂ ಋಣಿ.

ಹುಬ್ಬಳ್ಳಿಗೆ ಕರೆದೊಯ್ದೆವು. ಸರ್ಜನ್ ಫೈಲ್ ತೆರೆಯುವ ಮೊದಲೇ ಅಪ್ಪಯ್ಯನನ್ನು ಐದು ಮೀಟರ್ ನಡೆಸಿದರು. ಎಂಟು ಸೆಕೆಂಡ್ ಹಿಡಿಯಿತು. ಆರು ದಾಟಿದರೆ ದೇಹ ಸೋತಿದೆ ಎಂದು ಲೆಕ್ಕವಂತೆ.

ಯಂತ್ರವಿಲ್ಲದ್ದೇ ಸುರಕ್ಷಿತ ಎಂದು ನಂಬಿದ್ದೆ. ಅಷ್ಟು ಸರಳವಲ್ಲ. 75 ದಾಟಿದವರ ಮೇಲೆ ಜರ್ಮನಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಾವು, ಪಾರ್ಶ್ವವಾಯು, ಹೃದಯಾಘಾತ ಎಲ್ಲ ಸೇರಿಸಿ ನೋಡಿದರೆ 30 ದಿನಕ್ಕೂ ವರ್ಷಕ್ಕೂ ಎರಡು ವಿಧಾನಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಬಡಿಯುವ ಹೃದಯದ ಮೇಲೆ ಹೊಲಿಯಲು ಪಳಗಿದ ಕೈಯೂ ಬೇಕು. ನಮ್ಮಲ್ಲಿ ತೀರ್ಮಾನ ಮಾಡಿದ್ದು ಸಿಟಿ ಸ್ಕ್ಯಾನ್: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿತ್ತು. ಅಲ್ಲಿ ಕ್ಲಾಂಪ್ (ಬಿಗಿಯುವ ಇಕ್ಕಳ) ಹಾಕಿದರೆ ಚೂರು ಕಳಚಿ ಮಿದುಳಿಗೆ ಹೋಗುವ ಭಯ. ಅದನ್ನು ಮುಟ್ಟದೆ, ಎದೆಯೊಳಗಿನ ಎರಡೂ ರಕ್ತನಾಳ ಬಳಸಿ, ಯಂತ್ರವಿಲ್ಲದೆ ಮಾಡಿದರು.

ಆಪರೇಷನ್‌ಗಿಂತ ಕಷ್ಟವಾಗಿದ್ದು ನಂತರದ ರಾತ್ರಿಗಳು. ಐಸಿಯುನಲ್ಲಿ ಅಪ್ಪಯ್ಯ ಭ್ರಮೆಯಲ್ಲಿ "ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ) ಬಂದ್ನಾ?" ಎಂದು ಕೂಗುತ್ತಿದ್ದ. ಕನ್ನಡಕ, ಕಿವಿಯ ಮಷಿನ್ ಹಾಕಿ, ಆಯಿ ಕೈ ಹಿಡಿದು ಕೂತ ಮೇಲೆ ನಾಲ್ಕನೇ ದಿನಕ್ಕೆ ತಿಳಿಯಾದ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಏಳನೇ ವಾರ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳುತ್ತಾನೆ. ನಿನ್ನೆ ತೋಟದ ಸಂಕದವರೆಗೆ (ಕಾಲುಸೇತುವೆ) ನಡೆದು ಬಂದು ಎರಡು ತೆಳ್ಳೇವು (ತೆಳು ದೋಸೆ) ತಿಂದ.