ಜಾನ್ ಆಡಮ್ಸ್‌ಗೆ ‘ಮುತ್ಸದ್ದಿ’ ಪದ ಒಪ್ಪುತ್ತದೆಯೇ?

ಗೆಳೆಯರೇ,

ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಸಣ್ಣ ಪರಿಚಯ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಇಂಗ್ಲಿಷಿನವರು ಆತನನ್ನು ‘ಲಾಯರ್, ಸ್ಟೇಟ್ಸ್‌ಮನ್’ ಅನ್ನುತ್ತಾರೆ. ಲಾಯರ್ ಸರಿ, ವಕೀಲ. ಸ್ಟೇಟ್ಸ್‌ಮನ್‌ಗೆ ಏನು ಹಾಕೋಣ?

‘ರಾಜಕಾರಣಿ’ ಬೇಡ, ಆ ಪದ ಈಗ ಬೈಗುಳಕ್ಕೆ ಹತ್ತಿರವಾಗಿದೆ. ‘ರಾಜನೀತಿಜ್ಞ’ ಅಂದರೆ ಮಕ್ಕಳು ಪುಟ ತಿರುಗಿಸಿಬಿಡುತ್ತಾರೆ. ಉಳಿದದ್ದು ‘ಮುತ್ಸದ್ದಿ’. ಪತ್ರಿಕೆಗಳಲ್ಲೂ ಬರುವ ಪದವೇ. ಆದರೆ ನನ್ನ ಕಿವಿಗೆ ಮುತ್ಸದ್ದಿ ಅಂದರೆ ಅಳೆದು ತೂಗಿ ಮಾತಾಡುವವನು, ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಸುವವನು. ಆಡಮ್ಸ್ ಹಾಗಿರಲಿಲ್ಲ. ಮುಂಗೋಪಿ, ಅನ್ನಿಸಿದ್ದನ್ನು ಮುಖಕ್ಕೇ ಹೇಳುವ ಪೈಕಿ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ 1770ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಐದು ಜನ ಸತ್ತರು. ಊರಿಗೆ ಊರೇ ರೊಚ್ಚಿಗೆದ್ದಿತ್ತು. ಬ್ರಿಟಿಷರ ತೆರಿಗೆಯನ್ನು ವಿರೋಧಿಸಿದ್ದ ಇದೇ ಆಡಮ್ಸ್ ಆ ಸೈನಿಕರ ಪರ ವಕಾಲತ್ತು ವಹಿಸಿದ. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು. ಇಬ್ಬರ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ನಾನಂದುಕೊಂಡ ಥರದ ಮುತ್ಸದ್ದಿ ಆ ಕೇಸನ್ನು ಮುಟ್ಟುತ್ತಲೇ ಇರಲಿಲ್ಲ, ಅಲ್ವಾ?

ಬ್ರಿಟನ್ ಜೊತೆಗಿನ ಸ್ವಾತಂತ್ರ್ಯ ಯುದ್ಧ ಮುಗಿಸಲು ನಡೆದ ಪ್ಯಾರಿಸ್ ಸಂಧಾನದಲ್ಲಿ ಜೊತೆಗಿದ್ದ ಅಮೆರಿಕದ ಇನ್ನೊಬ್ಬ ನಾಯಕ ಬೆಂಜಮಿನ್ ಫ್ರಾಂಕ್ಲಿನ್‌ಗಾದರೆ ಈ ಪದ ಅಳತೆ ಕೊಟ್ಟು ಹೊಲಿಸಿದ ಅಂಗಿ. ಆತನೇ 1783ರಲ್ಲಿ ಒಂದು ಕಾಗದದಲ್ಲಿ ಆಡಮ್ಸ್ ಬಗ್ಗೆ ಬರೆದದ್ದು ಹೆಚ್ಚುಕಮ್ಮಿ ಹೀಗೆ: ಯಾವತ್ತೂ ಪ್ರಾಮಾಣಿಕ, ಎಷ್ಟೋ ಸಲ ವಿವೇಕಿ, ಆದರೆ ಕೆಲವು ಸಲ, ಕೆಲವು ವಿಷಯಗಳಲ್ಲಿ ತಲೆ ಪೂರ್ತಿ ಕೆಟ್ಟಿರುತ್ತದೆ!

ಇನ್ನೊಂದು ಕಡೆಯಿಂದ ನೋಡಿದೆ. ಮುತ್ಸದ್ದಿ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಮೊಘಲರ ಕಾಲದಲ್ಲಿ ‘ಮುತಸದ್ದಿ’ ಅಂದರೆ ಲೆಕ್ಕಪತ್ರ, ಆಡಳಿತ ನೋಡುವ ಅಧಿಕಾರಿ. ಸೂರತ್ ಬಂದರಿನ ಮುಖ್ಯಾಧಿಕಾರಿಗೂ ಅದೇ ಹೆಸರಿತ್ತು. ಈ ಹಳೇ ಅರ್ಥಕ್ಕೆ ಆಡಮ್ಸ್ ಚೆನ್ನಾಗಿ ಹೊಂದುತ್ತಾನೆ. ಆ ಸ್ವಾತಂತ್ರ್ಯ ಯುದ್ಧದ ಸರಬರಾಜು ನೋಡುವ ಮಂಡಳಿಯ ಅಧ್ಯಕ್ಷನಾಗಿ ದುಡಿದ. 1782ರಲ್ಲಿ ಡಚ್ ಬ್ಯಾಂಕರುಗಳಿಂದ 50 ಲಕ್ಷ ಗಿಲ್ಡರ್ ಸಾಲ ಎತ್ತಿದ. ಆದರೆ ಈಗ ಆ ಅರ್ಥ ಯಾರಿಗೆ ಗೊತ್ತು?

ತಮಾಷೆಯೆಂದರೆ, ಯೋಚನೆಯಿಲ್ಲದೆ ಹಾಕಿದ ‘ವಕೀಲ’ವೇ ಹೆಚ್ಚು ಸರಿಯಿದ್ದ ಹಾಗಿದೆ. ಅದರ ಮೂಲ ಅರ್ಥ ಇನ್ನೊಬ್ಬರ ಪರವಾಗಿ ನಿಲ್ಲುವವನು. ರಾಜರ ಕಡೆಯಿಂದ ಮಾತುಕತೆಗೆ ಹೋಗುವವರೂ ವಕೀಲರೇ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಜೊತೆ ಸಂಧಿಗೆ ಕೂತದ್ದು ಟಿಪ್ಪುವಿನ ವಕೀಲರು. (1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದವನೂ ಇದೇ ಕಾರ್ನ್‌ವಾಲಿಸ್.) ಹಾಗೆ ನೋಡಿದರೆ ಬಾಸ್ಟನ್ ಕೋರ್ಟಿನಲ್ಲೂ ಆಡಮ್ಸ್ ವಕೀಲ, 1785ರಲ್ಲಿ ರಾಯಭಾರಿಯಾಗಿ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಮುಂದೆ ಹೊಸ ದೇಶದ ಪರ ನಿಂತಾಗಲೂ ವಕೀಲ. ಆದರೆ ಮಕ್ಕಳ ಕಣ್ಣಿಗೆ ಬರೀ ಕರಿ ಕೋಟು ಕಾಣುತ್ತದೆ.

ನಿಮ್ಮ ಕಡೆ ‘ಮುತ್ಸದ್ದಿ’ ಬರೀ ಹೊಗಳಿಕೆಯೋ, ಅದರಲ್ಲಿ ಸ್ವಲ್ಪ ಕೊಂಕೂ ಇರುತ್ತದೋ? ಧಾರವಾಡ, ಬೆಳಗಾವಿ ಕಡೆಯವರು ದಯವಿಟ್ಟು ಹೇಳಿ.

ಕೋರ್ಟಿನ ಪರಿಚಯ ಇರುವವರಿಗೆ ಇನ್ನೊಂದು ಪ್ರಶ್ನೆ. ಬರೆ ತಿಂದ ಆ ಇಬ್ಬರ ಮೇಲೆ ಸಾಬೀತಾದದ್ದು ‘ಮ್ಯಾನ್‌ಸ್ಲಾಟರ್’, ಅಂದರೆ ಕೊಲೆಗಿಂತ ಕಡಿಮೆ ಅಪರಾಧ. ‘ನರಹತ್ಯೆ’ ಅಂತ ಬರೆದರೆ ಕೊಲೆಗಿಂತ ಜಾಸ್ತಿ ಭೀಕರವಾಗಿ ಕೇಳಿಸುತ್ತದೆ. ಬೇರೆ ಪದ ಇದೆಯಾ?